ಮಳೆ ಲೆಕ್ಕದ ಪುಸ್ತಕ ಸೆಪ್ಟೆಂಬರ್‌ನಲ್ಲಿ ನಿಂತದ್ದೇಕೆ: ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ನಾನು 1994ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ಸೇರಿ 2025ರ ಮೇ 31ರಂದು ನಿವೃತ್ತಳಾದವಳು. ಸೇರಿದಾಗ ನಮ್ಮ ಬಾಗೇಪಲ್ಲಿ ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಸೇವೆಯ ಬಹುಪಾಲು ಕಳೆದದ್ದು ಚೇಳೂರು ಕಡೆಯ, ಆಂಧ್ರದ ಗಡಿಗೆ ಅಂಟಿಕೊಂಡ ಒಂದೇ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಕೊನೆಯ ಹನ್ನೊಂದು ವರ್ಷ ಅಲ್ಲಿ ಪ್ರಭಾರಿ ಮುಖ್ಯ ಶಿಕ್ಷಕಿಯಾಗಿದ್ದೆ. ಊರಿನ ಹೆಸರನ್ನಾಗಲಿ ಜೊತೆಗಿದ್ದವರ ಹೆಸರನ್ನಾಗಲಿ ಬರೆಯುತ್ತಿಲ್ಲ. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನಿಂದಲೇ ಆದ ಒಂದು ತಪ್ಪನ್ನು ತಮ್ಮ ಮುಂದಿಟ್ಟು, ಅದು ಬೇರೆ ಶಾಲೆಗಳಲ್ಲಿ ಆಗದಂತೆ ನೋಡಿಕೊಳ್ಳಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

‘ಶಿಕ್ಷಕರಲ್ಲಿ ಬದ್ಧತೆ ಕಡಿಮೆಯಾಗಿದೆ’ ಎಂಬ ಮಾತನ್ನು ನಾನು ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ನಿಗಾದ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಾಗ ಈ ಮಾತು ಇನ್ನೂ ಜೋರಾಯಿತು. ಮೇಲಿನಿಂದ ಸಭೆ, ಸಭೆಯಿಂದ ಸುತ್ತೋಲೆ, ಸುತ್ತೋಲೆಯಿಂದ ಕಾರಣ ಕೇಳಿ ನೋಟಿಸ್. ಈ ದಾರಿಯಲ್ಲಿ ಬದ್ಧತೆ ಹುಟ್ಟಿದ್ದನ್ನು ಮೂವತ್ತೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಹುಟ್ಟಿದ್ದನ್ನು ಕಂಡದ್ದು ಬೇರೆ ಕಡೆ. ಅದನ್ನು ಮೊದಲು ಹೇಳುತ್ತೇನೆ.

ನಲಿ-ಕಲಿ ನಮ್ಮ ಶಾಲೆಗೆ 2009ರಲ್ಲಿ ಬಂತು. ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ತಟ್ಟೆಗಳಲ್ಲಿ ಕಾರ್ಡು ಜೋಡಿಸಿ, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿಯನ್ನು ಗೋಡೆಗೆ ತೂಗುಹಾಕಿ, ಮಕ್ಕಳ ಕೆಲಸ ತೂಗುಹಾಕಲು ದಾರದ ಚಪ್ಪರ ಕಟ್ಟಿ ಕಲಿಸುವ ಪದ್ಧತಿ. ಅಲ್ಲಿ ಅಕ್ಷರಗಳು ಅ, ಆ, ಇ, ಈ ಎಂದು ಬರುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಈ ಐದು ಅಕ್ಷರ ಕೈಗೆ ಸಿಕ್ಕರೆ ಮಗು ಗರಗಸ, ಸರ, ಅರಸ ಎಂದು ಓದಿಬಿಡುತ್ತದೆ. ಬಹಳ ಜಾಣತನದ ಏರ್ಪಾಡು, ನನಗೆ ಈಗಲೂ ಅದರ ಮೇಲೆ ಪ್ರೀತಿಯಿದೆ. ಆದರೆ ನಮ್ಮೂರಿನ ಮಕ್ಕಳ ಮನೆಮಾತು ತೆಲುಗು. ಬಡಗಿಯ ಮಗನಿಗೂ ಗರಗಸ ಎಂದರೆ ಏನೆಂದು ಗೊತ್ತಿಲ್ಲ, ಅವನಪ್ಪ ಹಿಡಿಯುವುದು ರಂಪಂ. ಮೊಟ್ಟೆ ಅವರಿಗೆ ಗುಡ್ಡು, ಅಕ್ಕಿ ಬಿಯ್ಯಂ, ಮರ ಚೆಟ್ಟು. ‘ಇಲ್ಲು’ ಎಂದರೆ ಮನೆ. ನಾನು ‘ಇಲ್ಲ’ ಎಂದಾಗ ಜೂನ್ ತಿಂಗಳ ಎಳೆಯ ಮಕ್ಕಳು ಬಾಗಿಲಿನಾಚೆ ತಮ್ಮ ಮನೆಯ ಕಡೆ ನೋಡುತ್ತಿದ್ದವು.

ಹಾಗಾಗಿ ಮರುವರ್ಷ ನಾನು ನನ್ನದೇ ಕಾರ್ಡುಗಳನ್ನು ಮಾಡಿಕೊಂಡೆ. ಹಳೆಯ ಮದುವೆ ಪತ್ರಿಕೆಗಳ ಹಿಂಬದಿಯಲ್ಲಿ ಒಂದು ಚಿತ್ರ, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ತೆಲುಗು ಪದ, ಅದರ ಕೆಳಗೆ ಕನ್ನಡ ಪದ. ಮೊದಲ ಮೂರು ತಿಂಗಳು ತರಗತಿಯಲ್ಲಿ ತೆಲುಗನ್ನು ಧಾರಾಳವಾಗಿ ಬಳಸುವುದು, ಆಮೇಲೆ ತಿಂಗಳು ತಿಂಗಳಿಗೆ ಕಡಿಮೆ ಮಾಡುವುದು. ನಮ್ಮ ಹೆಡ್ ಮೇಷ್ಟ್ರಿಗೆ ಹೇಳಿದೆ. ಅವರು ಸರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಬಂದು ತರಗತಿಯ ಹಿಂದೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂರತೊಡಗಿದರು. ಕೈಯಲ್ಲಿ ಪುಸ್ತಕವಿಲ್ಲ, ನಮೂನೆಯಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಟೀಚರ್, ಕಿಟಕಿ ಪಕ್ಕದ ಆ ಹುಡುಗಿ ಇವತ್ತು ಎಷ್ಟು ಸಲ ಬಾಯಿ ತೆರೆದಳು, ಗಮನಿಸಿದಿರಾ?’ ನಾನು ಗಮನಿಸಿರುತ್ತಿರಲಿಲ್ಲ. ಮರುದಿನ ಗಮನಿಸುತ್ತಿದ್ದೆ.

ಆಗಸ್ಟ್‌ನಲ್ಲಿ ಒಬ್ಬ ಅಧಿಕಾರಿ ಬಂದರು. ಒಳ್ಳೆಯವರೇ, ಅವಸರದಲ್ಲಿದ್ದರು. ಹೋಗುವಾಗ ಸಂದರ್ಶನ ಪುಸ್ತಕದಲ್ಲಿ ‘ನಲಿ-ಕಲಿ ತರಗತಿಯಲ್ಲಿ ತೆಲುಗು ಬಳಸಲಾಗುತ್ತಿದೆ. ಕೂಡಲೇ ನಿಲ್ಲಿಸತಕ್ಕದ್ದು’ ಎಂದು ಬರೆದರು. ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಹೆಡ್ ಮೇಷ್ಟ್ರು ಪುಸ್ತಕವನ್ನು ತಿರುಗಿಸಿಕೊಂಡು, ಆ ಅಧಿಕಾರಿಯ ಎದುರಿನಲ್ಲೇ, ಕೆಳಗೆ ಎರಡು ಸಾಲು ಸೇರಿಸಿದರು: ‘ಇದು ನನ್ನ ಗಮನದಲ್ಲಿಯೇ ನಡೆಯುತ್ತಿದೆ. ಡಿಸೆಂಬರ್ ಕೊನೆಯಲ್ಲಿ ತಾವು ಬಂದು ಮಕ್ಕಳ ಕನ್ನಡ ಓದನ್ನು ಪರೀಕ್ಷಿಸಬೇಕೆಂದು ಕೋರುತ್ತೇನೆ. ಜವಾಬ್ದಾರಿ ನನ್ನದು.’

ಆ ನಾಲ್ಕು ತಿಂಗಳು ನಾನು ದುಡಿದ ಹಾಗೆ ಸೇವೆಯಲ್ಲಿ ಮತ್ತೆಂದೂ ದುಡಿದಿಲ್ಲ. ಭಾನುವಾರ ಕಾರ್ಡು ಬರೆಯುತ್ತಿದ್ದೆ. ಕಡಲೆಕಾಯಿ ಕೀಳುವ ಕಾಲದಲ್ಲಿ ತೋಟಗಳಿಗೆ ಹೋಗಿ ತಾಯಂದಿರನ್ನು ಕಂಡು ಮಕ್ಕಳನ್ನು ಕರೆತಂದೆ. ಯಾರೂ ಹೇಳಿದ್ದಲ್ಲ. ನನ್ನ ಮಾತಿಗೆ ಒಬ್ಬರು ತಮ್ಮ ಹೆಸರನ್ನು ಅಡವಿಟ್ಟಿದ್ದರು, ಅದನ್ನು ಬಿಡಿಸಿಕೊಡಬೇಕಿತ್ತು. ಡಿಸೆಂಬರ್‌ನಲ್ಲಿ ಹತ್ತೊಂಬತ್ತು ಮಕ್ಕಳಲ್ಲಿ ಹದಿನೈದು ಮಕ್ಕಳು ಕನ್ನಡದ ಸಣ್ಣ ವಾಕ್ಯಗಳನ್ನು ತಡವರಿಸದೆ ಓದಿದರು. ಅಧಿಕಾರಿ ಬರಲಿಲ್ಲ, ಅವರಿಗೆ ಬೇರೆ ತಾಲ್ಲೂಕಿಗೆ ವರ್ಗವಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿಯೇ ಬೋಧನೆ ನಡೆಯಬೇಕು ಎನ್ನುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಅಂದರೆ ಆ ಷರಾ ಬರೆಯುವ ನಾಲ್ಕು ತಿಂಗಳ ಮೊದಲು.

ನಲಿ-ಕಲಿಯ ಹುಟ್ಟು ಕೂಡ ಇದೇ ಬಗೆಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿ ಕಣಿವೆಗೆ (ರಿಷಿ ವ್ಯಾಲಿ) ಹೋಗಿ, ಅಲ್ಲಿನ ಸಣ್ಣ ಹಳ್ಳಿ ಶಾಲೆಗಳನ್ನು ಕಂಡು, ಹಿಂದಿರುಗಿ ತಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ಕಾರ್ಡು, ಹಾಡು, ಆಟಗಳನ್ನು ಕಟ್ಟಿದರು. ಅದು ಅವರು ಮಾಡಿದ್ದು, ಹಾಗಾಗಿ ಅವರದಾಗಿತ್ತು. ಹದಿನಾಲ್ಕು ವರ್ಷಗಳ ಮೇಲೆ ರಾಜ್ಯಕ್ಕೆಲ್ಲ ಹರಡಿದಾಗ ನಮಗೆ ಸಿಕ್ಕಿದ್ದು ಸಿದ್ಧವಾಗಿದ್ದ ಪೆಟ್ಟಿಗೆ. ಋಷಿ ಕಣಿವೆ ಇರುವುದು ನಮ್ಮ ಗಡಿಯಾಚೆ, ಮದನಪಲ್ಲಿಯ ಬಳಿ. ನಮ್ಮ ಶಾಲೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದಾದ ದೂರ. ನೆರೆಮನೆಯ ದೀಪ ನಮಗೆ ಮೈಸೂರಿನ ಮೇಲೆ ಹಾದು ಬಂತು. ನಮ್ಮನ್ನೂ ಒಮ್ಮೆ ಬಸ್ ಹತ್ತಿಸಿ ಆ ಹಳ್ಳಿ ಶಾಲೆಗಳಲ್ಲಿ ಎರಡು ದಿನ ಕೂರಿಸಿದ್ದರೆ ಪೆಟ್ಟಿಗೆ ಬಿಚ್ಚುವ ನಮ್ಮ ಕೈ ಬೇರೆಯದೇ ಆಗಿರುತ್ತಿತ್ತು ಎಂದು ನಂಬಿದ್ದೇನೆ.

ಇನ್ನು ನನ್ನ ತಪ್ಪಿನ ವಿಷಯ.

ಹೆಡ್ ಮೇಷ್ಟ್ರು 2014ರಲ್ಲಿ ನಿವೃತ್ತರಾದರು. ಆ ಹುದ್ದೆ ತುಂಬಲಿಲ್ಲ. ಹಿರಿಯಳೆಂದು ನನಗೆ ಪ್ರಭಾರ ಕೊಟ್ಟರು. ಶಾಲೆಯಲ್ಲಿ ಅರವತ್ತೆಂಟು ಮಕ್ಕಳು, ನನ್ನನ್ನೂ ಸೇರಿಸಿ ನಾಲ್ವರು ಶಿಕ್ಷಕರು, ಏಳು ತರಗತಿಗಳು. ನನ್ನ ತರಗತಿ ನನಗೆ ಇದ್ದೇ ಇತ್ತು, ಅದರ ಮೇಲೆ ಕಚೇರಿ.

2019ರಲ್ಲಿ ವಿಜ್ಞಾನಕ್ಕೆ ಒಬ್ಬ ಪದವೀಧರ ಶಿಕ್ಷಕ ಬಂದ. ಹಾವೇರಿ ಕಡೆಯ ಹುಡುಗ, ವಯಸ್ಸು ಇಪ್ಪತ್ತೇಳು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಮಕ್ಕಳಿಂದಲೇ ಕಲಿತ, ತಪ್ಪು ಮಾತನಾಡಿದಾಗ ಅವರು ತಿದ್ದುವುದನ್ನು ಇಷ್ಟಪಡುತ್ತಿದ್ದ. ನಮ್ಮದು ಬರದ ಸೀಮೆ. ಮಳೆಯ ಮಾತು ಬಿಟ್ಟರೆ ಊರಿನಲ್ಲಿ ಬೇರೆ ಮಾತಿಲ್ಲ. ಅವನು ನೀರಿನ ಬಾಟಲಿ ಕತ್ತರಿಸಿ, ಅಳತೆ ಪಟ್ಟಿ ಅಂಟಿಸಿ ಮಳೆಮಾಪಕ ಮಾಡಿಸಿದ. ಆರು ಮತ್ತು ಏಳನೇ ತರಗತಿಯ ಮಕ್ಕಳು ದಿನಾ ಬೆಳಿಗ್ಗೆ ಅಳೆದು ಒಂದು ನೋಟ್‌ಪುಸ್ತಕದಲ್ಲಿ ಬರೆಯಬೇಕು. ಪುಸ್ತಕದ ಮೇಲೆ ಒಬ್ಬ ಹುಡುಗಿ ‘ಮಳೆ ಲೆಕ್ಕ’ ಎಂದು ಬರೆದಿದ್ದಳು. ಸ್ವಲ್ಪ ದಿನಗಳಲ್ಲಿ ರೈತರು ಶಾಲೆಯ ಕಟ್ಟೆಯ ಬಳಿ ನಿಂತು ‘ರಾತ್ರಿ ಎಷ್ಟು ಬಿತ್ತು?’ ಎಂದು ಮಕ್ಕಳನ್ನು ಕೇಳತೊಡಗಿದರು. ಹತ್ತು ಮಿಲಿಮೀಟರ್ ಎಂದರೆ ಎಷ್ಟು ಹದ ಎಂದು ಮಕ್ಕಳಿಗೂ ರೈತರಿಗೂ ಚರ್ಚೆಯಾಗುತ್ತಿತ್ತು. ಸರಾಸರಿ ಎಂಬ ಗಣಿತದ ಪಾಠವನ್ನು ಆ ಮಕ್ಕಳಿಗೆ ಯಾರೂ ಕಲಿಸಬೇಕಾಗಲಿಲ್ಲ.

ಆ ಹುಡುಗನಿಗೆ ಕಂಪ್ಯೂಟರ್ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

ಮೊದಲು ಒಂದು ದಿನ, ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ಹೆಸರು ಆಧಾರ್‌ಗೆ ಹೊಂದುತ್ತಿಲ್ಲ ಎಂದು ಕರೆದೆ. ಆಮೇಲೆ ಶಾಲೆಯ ಮಾಹಿತಿ ತುಂಬುವ ಯು-ಡೈಸ್. ಆಮೇಲೆ ಬಿಸಿಯೂಟದ ಲೆಕ್ಕ, ಶೂ ಮತ್ತು ಸಾಕ್ಸ್ ಖರೀದಿಯ ವಿವರ, ವಿದ್ಯಾರ್ಥಿವೇತನ. ‘ಇಂದು ಸಂಜೆ ನಾಲ್ಕರೊಳಗೆ’ ಎಂದು ವಾಟ್ಸ್‌ಆ್ಯಪ್‌ಗೆ ಸಂದೇಶ ಬಂದರೆ ನಾನು ಅವನ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ‘ಅರ್ಧ ಗಂಟೆ ಬಂದು ಹೋಗಿ ಸರ್’ ಎನ್ನುತ್ತಿದ್ದೆ. ನಮ್ಮೂರಿನಲ್ಲಿ ಸಿಗ್ನಲ್ ಸಿಗದೆ ಅವನು ಬೈಕ್ ಏರಿ ಗುಡ್ಡದ ಬಳಿಗೆ ಹೋಗುತ್ತಿದ್ದ. ಅರ್ಧ ಗಂಟೆ ಎರಡು ಗಂಟೆಯಾಗುತ್ತಿತ್ತು. ಒಂದು ಸಲವೂ ಬೇಸರ ತೋರಿಸಲಿಲ್ಲ. ‘ಆಗಲಿ ಮೇಡಂ’ ಎನ್ನುತ್ತಿದ್ದ. ಆ ಒಂದು ವರ್ಷದಲ್ಲಿ ನಾನು ಅವನ ತರಗತಿಯಲ್ಲಿ ಕೂತದ್ದು ಸೊನ್ನೆ ಸಲ.

ಮಳೆ ಲೆಕ್ಕದ ಪುಸ್ತಕ ಸೆಪ್ಟೆಂಬರ್ 11ಕ್ಕೆ ನಿಂತಿದೆ. ಮಳೆ ನಿಂತದ್ದರಿಂದಲ್ಲ. ಆ ವಾರ ಅವನು ನಾಲ್ಕು ದಿನ ಕಚೇರಿ ಕೆಲಸದಲ್ಲಿದ್ದ, ಅಳತೆ ನೋಡಿ ಒಪ್ಪಿಗೆ ಹಾಕುವವರಿರಲಿಲ್ಲ, ಮಕ್ಕಳು ಬಿಟ್ಟರು. ಅವನು ಮತ್ತೆ ಶುರು ಮಾಡಿಸಲಿಲ್ಲ. ನಾನು ಕೇಳಲೂ ಇಲ್ಲ. ಮುಂದಿನ ಮಾರ್ಚ್‌ಗೆ ಕೊರೊನಾ ಬಂದು ಶಾಲೆ ಮುಚ್ಚಿತು. ತೆರೆದ ಮೇಲೆ ಅವನು ಪಠ್ಯಪುಸ್ತಕದ ಪಾಠ ಮುಗಿಸುವ, ಸಮಯಕ್ಕೆ ಬಂದು ಸಮಯಕ್ಕೆ ಹೋಗುವ, ಯಾವ ನೋಟಿಸ್‌ಗೂ ಸಿಗದ ಶಿಕ್ಷಕನಾಗಿದ್ದ. ವರ್ಗಾವಣೆಗೆ ಅರ್ಹನಾದ ಕೂಡಲೇ ಅರ್ಜಿ ಹಾಕಿ ಹೋದ. ಬೀಳ್ಕೊಡುಗೆಯ ದಿನ ನಾನು ಅವನನ್ನು ಹೊಗಳಿ ಮಾತನಾಡಿದೆ. ಅವನ ಒಳಗಿನ ದೀಪವನ್ನು ಆರಿಸಿದವಳು ನಾನೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ನಿವೃತ್ತಿಯ ವೇಳೆ ಪ್ರಭಾರ ವಹಿಸಿಕೊಡಲು ಬೀರು ಖಾಲಿ ಮಾಡುವಾಗ ಆ ನೋಟ್‌ಪುಸ್ತಕ ಸಿಕ್ಕಿತು. ಆಗ ಹೊಳೆಯಿತು.

ನನ್ನ ಹೆಡ್ ಮೇಷ್ಟ್ರು ನನ್ನನ್ನು ಬೆಳೆಸಿದರು, ನಾನು ಆ ಹುಡುಗನನ್ನು ಬೆಳೆಸಲಿಲ್ಲ. ಅವರಿಗಿಂತ ನನ್ನ ಮನಸ್ಸು ಕೆಟ್ಟದಾಗಿತ್ತೆಂದು ನಾನು ಒಪ್ಪುವುದಿಲ್ಲ. ಅವರಿಗೆ ವಾರಕ್ಕೆ ಎರಡು ಮಧ್ಯಾಹ್ನ ಬಿಡುವಿತ್ತು, ‘ಜವಾಬ್ದಾರಿ ನನ್ನದು’ ಎಂದು ಬರೆಯುವ ಧೈರ್ಯವಿತ್ತು. ನನ್ನ ಬಳಿ ಎರಡೂ ಇರಲಿಲ್ಲ. ಧೈರ್ಯದ ಹೊಣೆ ನನ್ನದು. ಬಿಡುವಿನ ಹೊಣೆಯನ್ನು ತಮ್ಮ ಮುಂದಿಡುತ್ತೇನೆ.

ಪೂರ್ಣಾವಧಿ ಮುಖ್ಯ ಶಿಕ್ಷಕರ ಬಗ್ಗೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುವುದು ಇಷ್ಟು: ಒಂದರಿಂದ ಐದನೇ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. ನಮ್ಮ ಗಡಿ ಹಳ್ಳಿಗಳ ಶಾಲೆಗಳಲ್ಲಿ ಮೂವತ್ತು, ಐವತ್ತು, ಎಪ್ಪತ್ತು ಮಕ್ಕಳು. ಅಂದರೆ ಕಾನೂನಿನ ಲೆಕ್ಕದಲ್ಲಿಯೇ ಈ ಶಾಲೆಗಳಿಗೆ ಪೂರ್ಣಾವಧಿಯ ಮುಂದಾಳು ಕಡ್ಡಾಯವಲ್ಲ. ಪ್ರೌಢಶಾಲೆಗೆ ಗುಮಾಸ್ತರ ಹುದ್ದೆಯಿದೆ, ಪ್ರಾಥಮಿಕ ಶಾಲೆಗೆ ಅದೂ ಇಲ್ಲ. ಹಾಲು, ರಾಗಿ ಮಾಲ್ಟ್, ಮೊಟ್ಟೆ, ಅಡುಗೆ ಅನಿಲ, ಪಠ್ಯಪುಸ್ತಕ ತರುವುದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ, ಬ್ಯಾಂಕು, ಇವೆಲ್ಲದಕ್ಕೂ ಇರುವುದು ಪಾಠ ಮಾಡುವ ಅದೇ ಎರಡು ಕೈ. ಮೊಟ್ಟೆಯ ಬಗ್ಗೆ ನನಗೆ ತಕರಾರಿಲ್ಲ. ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರುವಾದ ಮೇಲೆ ಮಕ್ಕಳ ಮುಖ ಹೇಗೆ ಅರಳುತ್ತಿತ್ತೆಂದು ಕಣ್ಣಾರೆ ಕಂಡಿದ್ದೇನೆ. ಅದನ್ನು ಎಣಿಸಿ, ಬಿಲ್ಲು ಪಡೆದು, ನಮೂದಿಸುವ ಕೆಲಸಕ್ಕೆ ಬೇರೆ ಕೈ ಬೇಕು ಎನ್ನುತ್ತಿದ್ದೇನೆ, ಅಷ್ಟೇ.

ಹೊರಗಿನ ಕೆಲಸವನ್ನೂ ಹೇಳಬೇಕು. ಅದೇ ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ ಮತ್ತು ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಈ ಮೂರರಲ್ಲಿ ಯಾವುದೂ ಅಲ್ಲ. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು, ನನ್ನ ಸಹೋದ್ಯೋಗಿಗಳು ಮನೆಮನೆ ತಿರುಗಿದರು. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ, ಹಿಂದುಳಿದ ಸೀಮೆಯ ನಮಗೆ ಅದರ ಬೆಲೆ ಗೊತ್ತಿದೆ. ಆದರೆ ಶಾಲೆಯ ದಿನಗಳನ್ನು ಎಲ್ಲಕ್ಕಿಂತ ಮೊದಲು ಕತ್ತರಿಸಬಹುದಾದ ವಸ್ತುವೆಂದು ಸರ್ಕಾರವೇ ತೋರಿಸಿದ ಮೇಲೆ, ತರಗತಿಯೇ ನಿಮ್ಮ ಮೊದಲ ಕರ್ತವ್ಯ ಎಂದು ಶಿಕ್ಷಕರಿಗೆ ಹೇಳುವ ಬಾಯಿ ಯಾರಿಗಿದೆ?

ಕೆಲಸಗಳ್ಳರು ಇಲ್ಲವೇ ಎಂದು ತಾವು ಕೇಳಬಹುದು. ಇದ್ದಾರೆ. ಹಾಜರಿ ಹಾಕಿ ನಿವೇಶನದ ವ್ಯಾಪಾರಕ್ಕೆ ಹೋಗುವವರನ್ನು ನಾನು ಬಲ್ಲೆ. ಅವರ ಮೇಲೆ ಕ್ರಮ ಕೈಗೊಳ್ಳಲು ಅದೇ ಕಾಯ್ದೆಯ 24ನೇ ಸೆಕ್ಷನ್ ಇದೆ, ಸೇವಾ ನಿಯಮಗಳಿವೆ, ದಯವಿಟ್ಟು ಕ್ರಮ ಕೈಗೊಳ್ಳಿ. ಅಂಥ ಒಬ್ಬನಿಗಾಗಿ ಮಾಡಿದ ನಮೂನೆಯನ್ನು ಉಳಿದ ಒಂಬತ್ತು ಜನರಿಂದ ತುಂಬಿಸಬೇಡಿ.

ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯದಿರಲಾರೆ. ಪ್ರಾಂಶುಪಾಲರಾಗಿ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತರೂ ಅವರು ಬದುಕಿದ್ದು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ಹುಡುಗರ ನಡುವೆ. ನಮ್ಮ ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದವರೂ ಅವರೇ. ಸಂಸ್ಥೆಯ ಮುಖ್ಯಸ್ಥರು ಎಲ್ಲಿ ಕೂರಬೇಕು ಎಂಬುದಕ್ಕೆ ನಮ್ಮ ಜಿಲ್ಲೆ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ತಮ್ಮಲ್ಲಿ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಪ್ರತಿ ಕ್ಲಸ್ಟರ್‌ಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಒಬ್ಬ ಲೆಕ್ಕ-ನಮೂದು ಸಹಾಯಕರನ್ನು ಕೊಡಿ. ಅವರು ವಾರದಲ್ಲಿ ಒಂದು ದಿನ ಒಂದೊಂದು ಶಾಲೆಗೆ ಬಂದು ಆನ್‌ಲೈನ್ ಕೆಲಸವನ್ನೆಲ್ಲ ಮುಗಿಸಲಿ. ಹಾಗೆ ಬಿಡುವಾದ ಹೊತ್ತಿನಲ್ಲಿ ಮುಖ್ಯ ಶಿಕ್ಷಕರು, ಪ್ರಭಾರಿಗಳೂ ಸೇರಿ, ವಾರಕ್ಕೆ ಎರಡು ಅವಧಿ ಇನ್ನೊಬ್ಬರ ತರಗತಿಯಲ್ಲಿ ಕೂರುವುದನ್ನು ವೇಳಾಪಟ್ಟಿಯಲ್ಲೇ ಸೇರಿಸಿ. ಅದಕ್ಕೆ ನಮೂನೆ ಮಾತ್ರ ಮಾಡಬೇಡಿ! ಮಾಡಿದ ದಿನವೇ ಅದು ಸಾಯುತ್ತದೆ. ಮಧ್ಯಾಹ್ನದ ಊಟದ ಮೊದಲು ಯಾವ ಕಚೇರಿಯೂ ಶಾಲೆಗೆ ಕರೆ ಮಾಡಬಾರದು, ಸಂದೇಶ ಕಳಿಸಬಾರದು ಎಂದು ಒಂದು ಆದೇಶ ಹೊರಡಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕ್ಲಸ್ಟರ್ ಸಮಾಲೋಚನಾ ಸಭೆಯನ್ನು ಶಿಕ್ಷಕರಿಗೆ ಹಿಂದಿರುಗಿಸಿ. ಹೆಸರು ಸಮಾಲೋಚನೆ, ನಾನು ಕಂಡಂತೆ ಬಹುಪಾಲು ಸಮಯ ಸುತ್ತೋಲೆ ಓದುವುದರಲ್ಲಿ ಹೋಗುತ್ತಿತ್ತು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳೂ ಪಾಪ, ಅವರೂ ಮಾಹಿತಿ ಕ್ರೋಡೀಕರಿಸುವ ನೊಗಕ್ಕೆ ಕಟ್ಟಿದ ಎತ್ತುಗಳಾಗಿದ್ದಾರೆ. ಮಳೆಮಾಪಕದ ಹುಡುಗ ಅಂಥ ಒಂದು ಸಭೆಯಲ್ಲಿ ತನ್ನ ಮಕ್ಕಳ ಲೆಕ್ಕವನ್ನು ಹದಿನೈದು ನಿಮಿಷ ಹೇಳಿದ್ದರೆ, ಪಕ್ಕದ ನಾಲ್ಕು ಶಾಲೆಗಳಲ್ಲಿ ಬಾಟಲಿ ಕತ್ತರಿಸುತ್ತಿದ್ದರು. ಅವನ ಪುಸ್ತಕವೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಮುಂದಿನ ತಿಂಗಳು ಯಾರಾದರೂ ಕೇಳುತ್ತಿದ್ದರು.

ಶಾಲಾ ಅನುದಾನವನ್ನು ಜೂನ್‌ನಲ್ಲಿ ಕೊಡಿ. ನೂರು ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ 25 ಸಾವಿರ ರೂಪಾಯಿಯವರೆಗೆ ಬರುತ್ತದೆ. ನನ್ನ ಅವಧಿಯಲ್ಲಿ ಅದು ಹೆಚ್ಚಾಗಿ ವರ್ಷ ಮುಗಿಯುವ ಹೊತ್ತಿಗೆ ಬರುತ್ತಿತ್ತು, ಮಾರ್ಚ್ 31ರೊಳಗೆ ಖರ್ಚು ತೋರಿಸುವ ಅವಸರದಲ್ಲಿ ಬಣ್ಣಕ್ಕೂ ಬೋರ್ಡಿಗೂ ಹೋಗುತ್ತಿತ್ತು. ಅದರಲ್ಲಿ ಪ್ರತಿ ತರಗತಿ ಶಿಕ್ಷಕರಿಗೆ ಎರಡು ಸಾವಿರ ರೂಪಾಯಿ, ತಮ್ಮ ಮಕ್ಕಳಿಗೆ ಬೇಕೆನಿಸಿದ್ದನ್ನು ತಾವೇ ಕೊಳ್ಳಲು ಬಿಡಿ. ನಾನು ಮದುವೆ ಪತ್ರಿಕೆ ಕೂಡಿಹಾಕಬೇಕಾಗಿತ್ತು.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಶಿಕ್ಷಕರೊಬ್ಬರು ತಮ್ಮ ಮಕ್ಕಳಿಗಾಗಿ ಪಾಠದ ಕ್ರಮವನ್ನೋ ಭಾಷೆಯನ್ನೋ ಬದಲಿಸಿಕೊಂಡು, ಕಾರಣವನ್ನು ಬರೆದಿಟ್ಟು, ಮುಖ್ಯ ಶಿಕ್ಷಕರು ಅದಕ್ಕೆ ಸಹಿ ಹಾಕಿದ್ದರೆ, ಸಂದರ್ಶನಕ್ಕೆ ಬಂದವರು ಅದೇ ದಿನ ‘ನಿಲ್ಲಿಸತಕ್ಕದ್ದು’ ಎಂದು ಬರೆಯುವಂತಿರಬಾರದು. ಒಂದು ಶೈಕ್ಷಣಿಕ ಅವಧಿ ಮುಗಿಯಲಿ, ಮಕ್ಕಳ ಕಲಿಕೆಯನ್ನು ನೋಡಿ ಆಮೇಲೆ ಬರೆಯಲಿ. ನಮ್ಮ ಹೆಡ್ ಮೇಷ್ಟ್ರಂತೆ ಅಧಿಕಾರಿಯ ಎದುರಿನಲ್ಲೇ ಲೇಖನಿ ಎತ್ತುವವರು ಎಲ್ಲ ಶಾಲೆಗಳಲ್ಲಿ ಇರುವುದಿಲ್ಲ, ನಾನೇ ಇರಲಿಲ್ಲ. ಆ ಧೈರ್ಯಕ್ಕೆ ಇಲಾಖೆಯ ಆದೇಶವೊಂದು ಬೆನ್ನಿಗಿದ್ದರೆ ಸಾಧಾರಣ ಮನುಷ್ಯರೂ ಸಹಿ ಹಾಕುತ್ತಾರೆ.

ರಾಜ್ಯವೆಲ್ಲ ಒಮ್ಮೆಗೇ ಬೇಡ. ಬಾಗೇಪಲ್ಲಿ ಅಥವಾ ಚೇಳೂರು ತಾಲ್ಲೂಕಿನ ಒಂದು ಕ್ಲಸ್ಟರ್‌ನಲ್ಲಿ ಮುಂದಿನ ಜೂನ್‌ನಿಂದ ಒಂದು ವರ್ಷ ಮಾಡಿ ನೋಡಿ. ಸಹಾಯಕರ ಹುದ್ದೆಗೆ ಹಣಕಾಸು ಇಲಾಖೆ ಒಪ್ಪಲು ತಡವಾಗುತ್ತದೆ ಎಂಬುದು ನನಗೆ ಗೊತ್ತಿದೆ. ಅಲ್ಲಿಯವರೆಗೆ ನಾನು ಬರುತ್ತೇನೆ. ನಿವೃತ್ತಿಯಾದ ಮೇಲೆ ಮೊಮ್ಮಗಳಿಂದ ಕಂಪ್ಯೂಟರ್ ಕಲಿತಿದ್ದೇನೆ, ಎಸ್‌ಎಟಿಎಸ್ ನಮೂದು ಈಗ ನನಗೆ ಕಷ್ಟವಲ್ಲ. ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ಬಂದು ಸಂಜೆಯವರೆಗೆ ಕೂರುತ್ತೇನೆ. ಸಂಬಳ ಬೇಡ, ಒಂದು ಅನುಮತಿ ಪತ್ರ ಸಾಕು. ಮಳೆ ಲೆಕ್ಕದ ಪುಸ್ತಕವನ್ನೂ ಜೊತೆಯಲ್ಲಿ ತರುತ್ತೇನೆ. ಅದರಲ್ಲಿ ಇನ್ನೂ ಎಪ್ಪತ್ತೆರಡು ಪುಟಗಳು ಖಾಲಿ ಇವೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಭಾರಿ ಮುಖ್ಯ ಶಿಕ್ಷಕಿ,
ಚಿಕ್ಕಬಳ್ಳಾಪುರ ಜಿಲ್ಲೆ